ಕೋಶಸಂಧಿಗಳು ಮತ್ತು ಸ್ತನ ಕ್ಯಾನ್ಸರಿನ ಪ್ರಸರಣ

ಸ್ತನದಲ್ಲಿ ಹುಟ್ಟಿದ ಗಂಟು ಸ್ತನದಲ್ಲಿಯೇ ಉಳಿದಿರುವಷ್ಟು ಕಾಲ ಪ್ರಾಣವನ್ನು ಅಪಹರಿಸುವುದು ತೀರ ವಿರಳ. ಅದು ಶಸ್ತ್ರವೈದ್ಯನ ಕೈಗೆ ನಿಲುಕುವಂಥದು. ಕೊಯ್ದು ತೆಗೆಯಲು ಬರುವಂಥದು. ಆ ಗಂಟಿನಿಂದ ಹೊರಟ ಜೀವಕೋಶಗಳು ರಕ್ತದ ಅಥವಾ ದುಗ್ಧರಸದ ಹರಿವಿನಲ್ಲಿ ಸಾಗಿ ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳುಗಳಲ್ಲಿ ನೆಲೆಯೂರಿದಾಗ ಮಾತ್ರ ಪ್ರಾಣಾಪಾಯ ಒದಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಮೆಟಾಸ್ಟೇಸಿಸ್ ಎಂದು ಹೆಸರು, ಕನ್ನಡದಲ್ಲಿ ರೋಗಪ್ರಸರಣವೆನ್ನಬಹುದು. ೨೦೨೨ರಲ್ಲಿ ಜಗತ್ತಿನಲ್ಲಿ ಸುಮಾರು ೨೩ ಲಕ್ಷ ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತೆಂದೂ, ಸುಮಾರು ೬ ಲಕ್ಷ ೭೦ ಸಾವಿರ ಸ್ತ್ರೀಯರು ಅದರಿಂದ ಮೃತರಾದರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದೇ ವರ್ಷ ಭಾರತದಲ್ಲಿ ಪತ್ತೆಯಾದವರ ಸಂಖ್ಯೆ ಸುಮಾರು ೧ ಲಕ್ಷ ೯೨ ಸಾವಿರವೆಂದು ಎಣಿಸಲಾಗಿದೆ. ಈ ಸಾವುಗಳಲ್ಲಿ ಬಹುಪಾಲು ಮೂಲ ಗಂಟಿನಿಂದಲ್ಲ, ಅದರ ಪ್ರಸರಣದಿಂದ ಸಂಭವಿಸಿದವು.

ಹಾಗಾದರೆ ಒಂದು ಜೀವಕೋಶ ತನ್ನ ನೆರೆಹೊರೆಯನ್ನು ಬಿಟ್ಟು ಹೊರಡುವುದಾದರೂ ಹೇಗೆ? ಪ್ರಶ್ನೆ ಸರಳವಾಗಿ ತೋರುತ್ತದೆ. ಅದಕ್ಕೆ ದೊರೆತ ಮೊದಲ ಉತ್ತರವೂ ಸರಳವಾಗಿಯೇ ಇತ್ತು. ಆ ಉತ್ತರ ಅರ್ಧ ಸತ್ಯವೆಂದು ತಿಳಿಯಲು ಎಪ್ಪತ್ತು ವರ್ಷಗಳು ಹಿಡಿದವು.

ಸ್ತನದೊಳಗಿನ ಹಾಲುನಾಳವನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಒಂದು ಉಂಗುರ ಕಾಣುತ್ತದೆ. ಒಳಸಾಲಿನಲ್ಲಿ ಹಾಲು ಸ್ರವಿಸುವ ಅನುಲೇಪಕ ಕೋಶಗಳು. ಹೊರಸಾಲಿನಲ್ಲಿ ಹಾಲನ್ನು ಮುಂದಕ್ಕೆ ಒತ್ತುವ, ಸ್ನಾಯುವಿನ ಗುಣವುಳ್ಳ ಕೋಶಗಳು. ಅವುಗಳ ಸುತ್ತ ತೆಳುವಾದ ಆಧಾರಪೊರೆ. ಒಳಸಾಲಿನ ಕೋಶಗಳು ಕಲ್ಲುಗೋಡೆಯ ಕಲ್ಲುಗಳಂತೆ ಒತ್ತಾಗಿ ಕುಳಿತಿರುತ್ತವೆ. ಆದರೆ ಗೋಡೆಗೂ ಇದಕ್ಕೂ ಒಂದು ಭೇದವುಂಟು. ಗೋಡೆಯ ಗಾರೆ ಒಮ್ಮೆ ಒಣಗಿದರೆ ಮುಗಿಯಿತು. ಕೋಶಗಳ ನಡುವಣ ಬೆಸುಗೆಯಾದರೋ ಕ್ಷಣಕ್ಷಣಕ್ಕೂ ಬಿಚ್ಚಿ ಕಟ್ಟಿಕೊಳ್ಳುತ್ತಿರುವ ಸಜೀವ ಬೆಸುಗೆ. ಹಾಗಿಲ್ಲದಿದ್ದರೆ ಬಸಿರಿನಲ್ಲಿ ಸ್ತನ ಬೆಳೆಯುವುದೂ, ಮಗು ಹಾಲು ಬಿಟ್ಟ ಬಳಿಕ ಕುಗ್ಗುವುದೂ ಸಾಧ್ಯವಾಗುತ್ತಿರಲಿಲ್ಲ.

ಈ ಬೆಸುಗೆಗಳಿಗೆ ಕೋಶಸಂಧಿಗಳೆಂದು ಹೆಸರು. ೧೯೬೩ರಲ್ಲಿ ಮೆರಿಲಿನ್ ಫಾರ್ಕುಹಾರ್ ಮತ್ತು ಜಾರ್ಜ್ ಪಲಾಡೆ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಇವುಗಳ ಕ್ರಮವನ್ನು ವಿವರಿಸಿದರು. ಎಲ್ಲಕ್ಕಿಂತ ಮೇಲೆ, ನಾಳದ ಪೊಳ್ಳಿನ ಬದಿಗೆ, ದ್ರವ ಸೋರದಂತೆ ಬಿಗಿಯುವ ಬಿಗಿಸಂಧಿ. ಅದರ ಕೆಳಗೆ ಕೋಶಗಳನ್ನು ಪಟ್ಟಿಯಂತೆ ಸುತ್ತಿ ಹಿಡಿಯುವ ಅಂಟುಸಂಧಿ. ಮತ್ತೂ ಕೆಳಗೆ ಅಂಗಿಯ ಗುಂಡಿಗಳಂತೆ ಅಲ್ಲಲ್ಲಿ ಕೂಡಿಸುವ ಡೆಸ್ಮೋಸೋಮುಗಳು. ಇವಲ್ಲದೆ, ಎರಡು ಕೋಶಗಳ ನಡುವೆ ಸಣ್ಣ ಅಣುಗಳು ಹಾದುಹೋಗಲು ಕೊಳವೆಯಂತಿರುವ ತೆರಪುಸಂಧಿಗಳೂ ಉಂಟು. ಪ್ರತಿಯೊಂದು ಬಗೆಗೂ ತನ್ನದೇ ಆದ ಪ್ರೋಟೀನುಗಳಿವೆ: ಬಿಗಿಸಂಧಿಗೆ ಕ್ಲಾಡಿನ್, ಅಂಟುಸಂಧಿಗೆ ಕ್ಯಾಡ್‌ಹೆರಿನ್, ತೆರಪುಸಂಧಿಗೆ ಕನೆಕ್ಸಿನ್. ಡೆಸ್ಮೋಸೋಮಿನಲ್ಲಿ ಕ್ಯಾಡ್‌ಹೆರಿನ್ನಿನ ಜ್ಞಾತಿಗಳೊಂದಿಗೆ ಪ್ಲಾಕೋಗ್ಲೋಬಿನ್ ಎಂಬ ಪ್ರೋಟೀನು ಇರುತ್ತದೆ. ಈ ಕೊನೆಯ ಹೆಸರನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಕಥೆಯ ತಿರುವಿನಲ್ಲಿ ಅದು ಮರಳಿ ಬರುತ್ತದೆ.

ಕೋಶಗಳ ಅಂಟಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಳತೆಗೆ ಒಳಪಡಿಸಿದವನು ಅಮೆರಿಕದ ಡೇಲ್ ಕೋಮನ್. ೧೯೪೪ರಲ್ಲಿ ಆತ ಅತಿಸೂಕ್ಷ್ಮ ಗಾಜಿನ ಸೂಜಿಗಳಿಂದ ಜೋಡಿಕೋಶಗಳನ್ನು ಹಿಡಿದು ಎಳೆದು, ಅವು ಬೇರ್ಪಡುವ ಮುನ್ನ ಸೂಜಿ ಎಷ್ಟು ಬಾಗುವುದೆಂದು ಅಳೆದನು. ಆರೋಗ್ಯವಂತ ಕೋಶಗಳಿಗಿಂತ ಕ್ಯಾನ್ಸರ್ ಕೋಶಗಳು ಬಹು ಸುಲಭವಾಗಿ ಬೇರ್ಪಟ್ಟವು. ಅಂಟು ಸಡಿಲವಾದುದರಿಂದ ಕೋಶ ಅಲೆಯತೊಡಗಿತೆಂಬ ತೀರ್ಮಾನ ಸಹಜವಾಗಿಯೇ ಮೂಡಿತು. ಆದರೆ ಆ ಅಂಟು ಯಾವ ವಸ್ತುವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಅದು ತಿಳಿದುಬಂದ ಬಗೆ ವಿಜ್ಞಾನದ ಇತಿಹಾಸದ ಸೊಗಸಾದ ಪ್ರಸಂಗಗಳಲ್ಲೊಂದು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಮಸಾತೋಶಿ ತಾಕೆಯಿಚಿ ಎಂಬ ತರುಣ ಸಂಶೋಧಕರು ೧೯೭೦ರ ದಶಕದ ನಡುವಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಕಾರ್ನೆಗೀ ಸಂಸ್ಥೆಯ ಪ್ರಯೋಗಾಲಯಕ್ಕೆ ತೆರಳಿದರು. ಟ್ರಿಪ್ಸಿನ್ ಎಂಬ ಕಿಣ್ವವನ್ನು ಹಾಕಿ ಅಂಗಾಂಶದ ಕೋಶಗಳನ್ನು ಬಿಡಿಬಿಡಿಯಾಗಿಸಿ, ಮತ್ತೆ ಅವು ಹೇಗೆ ಕೂಡುತ್ತವೆಂದು ನೋಡುವುದು ಅವರ ಕೆಲಸ. ಕ್ಯೋಟೋದಲ್ಲಿ ಹೀಗೆ ಬಿಡಿಸಿದ ಕೋಶಗಳು ತ್ವರಿತವಾಗಿ ಮತ್ತೆ ಅಂಟಿಕೊಳ್ಳುತ್ತಿದ್ದವು. ಬಾಲ್ಟಿಮೋರಿನಲ್ಲಾದರೋ ಅವು ಅಂಟಲೇ ಇಲ್ಲ. ಪ್ರಯೋಗ ಅದೇ, ಕೈಯೂ ಅದೇ. ಬೇರೆ ಯಾರಾದರೂ ಕೈತಪ್ಪು ಎಂದು ಬದಿಗಿರಿಸಿ ಮುಂದಿನ ಕೆಲಸಕ್ಕೆ ಹೋಗಬಹುದಾಗಿತ್ತು. ತಾಕೆಯಿಚಿ ಹಾಗೆ ಮಾಡದೆ ಎರಡು ಊರುಗಳ ದ್ರಾವಣಗಳ ಪಾಕಪಟ್ಟಿಯನ್ನು ತಾಳೆನೋಡಿದರು. ಬಾಲ್ಟಿಮೋರಿನ ಟ್ರಿಪ್ಸಿನ್ ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಹೀರಿಹಿಡಿಯುವ ಇ.ಡಿ.ಟಿ.ಎ. ಎಂಬ ರಾಸಾಯನಿಕವಿತ್ತು, ಕ್ಯೋಟೋದ ದ್ರಾವಣದಲ್ಲಿ ಇರಲಿಲ್ಲ.

ಇದರಿಂದ ಹೊರಟ ಊಹೆ ಹೀಗೆ: ಕೋಶದ ಹೊರಮೈಯಲ್ಲಿ ಒಂದು ಅಂಟುವ ಪ್ರೋಟೀನು ಇದೆ, ಕ್ಯಾಲ್ಸಿಯಂ ಜೊತೆಗಿರುವಾಗ ಅದು ಗಟ್ಟಿಯಾಗಿ ನಿಂತು ಕಿಣ್ವದ ಕತ್ತರಿಗೆ ಸಿಕ್ಕುವುದಿಲ್ಲ, ಕ್ಯಾಲ್ಸಿಯಂ ಕಳೆದೊಡನೆ ಬತ್ತಲಾಗಿ ತುಂಡಾಗುತ್ತದೆ. ೧೯೭೭ರಲ್ಲಿ ಈ ವಿಚಾರ ಪ್ರಕಟವಾಯಿತು. ೧೯೮೪ರಲ್ಲಿ ಆ ಪ್ರೋಟೀನಿಗೆ ಕ್ಯಾಡ್‌ಹೆರಿನ್ ಎಂಬ ನಾಮಕರಣವಾಯಿತು. ಕ್ಯಾಲ್ಸಿಯಂ ಆಧಾರದಿಂದ ಅಂಟುವುದು ಎಂದೇ ಆ ಹೆಸರಿನ ಅರ್ಥ. ಅನುಲೇಪಕ ಅಂಗಾಂಶದಲ್ಲಿ ಇರುವುದು ಇ-ಕ್ಯಾಡ್‌ಹೆರಿನ್, ನರಾಂಗಾಂಶದಲ್ಲಿ ಮೊದಲು ಕಂಡದ್ದು ಎನ್-ಕ್ಯಾಡ್‌ಹೆರಿನ್. ಇದೇ ಹೊತ್ತಿಗೆ ಯೂರೋಪಿನಲ್ಲಿ ರೋಲ್ಫ್ ಕೆಮ್ಲರ್ ಎಂಬ ವಿಜ್ಞಾನಿ ಇಲಿಯ ಭ್ರೂಣಗಳ ಮೇಲೆ ಕೆಲಸ ಮಾಡುತ್ತ ಅದೇ ಪ್ರೋಟೀನನ್ನು ಬೇರೆ ಹಾದಿಯಿಂದ ತಲುಪಿದ್ದರು. ೨೦೨೦ರ ಕೆನಡಾ ಗೈರ್ಡ್ನರ್ ಪ್ರಶಸ್ತಿ ಇವರಿಬ್ಬರಿಗೂ ಸಂದಿತು.

ಕೆಮ್ಲರ್ ಅವರ ಪ್ರಯೋಗಾಲಯದಿಂದಲೇ ೧೯೮೯ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಕ್ಯಾಡ್‌ಹೆರಿನ್ ಕೋಶದ ಹೊರಗೆ ಚಾಚಿದ ಕೈ ಮಾತ್ರವಲ್ಲ; ಅದರ ಬಾಲ ಕೋಶದೊಳಕ್ಕೂ ಇಳಿದಿದೆ. ಆ ಬಾಲವನ್ನು ಹಿಡಿದಿರುವ ಪ್ರೋಟೀನುಗಳಿಗೆ, ಸರಪಳಿ ಎಂಬರ್ಥದ ಲ್ಯಾಟಿನ್ ಪದದಿಂದ, ಕೆಟೆನಿನ್ ಎಂದು ಹೆಸರಾಯಿತು. ಬೀಟಾ-ಕೆಟೆನಿನ್ ಬಾಲಕ್ಕೆ, ಆಲ್ಫಾ-ಕೆಟೆನಿನ್ ಬೀಟಾಕ್ಕೆ, ಆಲ್ಫಾ ಮತ್ತೆ ಕೋಶದ ಒಳಹಂದರವಾದ ಆಕ್ಟಿನ್ ನೂಲುಗಳಿಗೆ. ಒಂದು ಕೋಶದ ಕೈ ಪಕ್ಕದ ಕೋಶದ ಕೈಯನ್ನು ಹಿಡಿದರೆ ಎರಡರ ಹಂದರಗಳೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಈ ಸರಪಳಿಯ ಯಾವುದೇ ಕೊಂಡಿ ಕಳಚಿದರೂ ಹಿಡಿತ ಹೋಯಿತು.

ಈ ಕೊಂಡಿ ಕಳಚಿದರೆ ಏನಾಗುತ್ತದೆಂಬುದಕ್ಕೆ ಸ್ತನ ಕ್ಯಾನ್ಸರಿನಲ್ಲಿಯೇ ನಿಸರ್ಗದತ್ತವಾದ ಒಂದು ನಿದರ್ಶನವಿದೆ. ಸ್ತನ ಕ್ಯಾನ್ಸರುಗಳಲ್ಲಿ ಶೇಕಡಾ ೧೦ರಿಂದ ೧೫ರಷ್ಟು ಲೋಬ್ಯುಲರ್ ಎಂಬ ಜಾತಿಗೆ ಸೇರಿದವು. ಇದರ ಕೋಶಗಳು ಗುಂಪಾಗಿ ಗಂಟು ಕಟ್ಟುವುದಿಲ್ಲ. ಒಂದರ ಹಿಂದೆ ಒಂದು, ಇರುವೆಗಳ ಸಾಲಿನಂತೆ, ಸ್ತನದ ನಾರುಗಳ ನಡುವೆ ನುಸುಳುತ್ತವೆ. ಹೀಗಾಗಿ ಬೆರಳಿಗೆ ಗಟ್ಟಿಯಾದ ಗಂಟು ಸಿಕ್ಕದೆ ಬರಿಯ ದಪ್ಪನೆಯ ಭಾವ ಮಾತ್ರ ಆಗಬಹುದು. ಎಕ್ಸ್-ರೇ ಚಿತ್ರದಲ್ಲಿಯೂ ಅದು ಕಣ್ತಪ್ಪಿಸಿಕೊಳ್ಳುವುದುಂಟು. ೧೯೯೫ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ನಗರದ ಸಂಶೋಧಕರು ತಮ್ಮ ಜೊತೆಗಾರರೊಂದಿಗೆ ಇದರ ಮರ್ಮವನ್ನು ಹೊರಗೆಡಹಿದರು: ೧೬ನೆಯ ವರ್ಣತಂತುವಿನಲ್ಲಿರುವ ಇ-ಕ್ಯಾಡ್‌ಹೆರಿನ್ ಜೀನು ಈ ಕೋಶಗಳಲ್ಲಿ ಕೆಟ್ಟಿರುತ್ತದೆ. ಕೈಯೇ ಇಲ್ಲದ ಕೋಶ ಯಾರನ್ನು ಹಿಡಿದೀತು? ೧೯೯೮ರಲ್ಲಿ ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ, ತಲೆಮಾರಿನಿಂದ ತಲೆಮಾರಿಗೆ ಎಳೆಯ ವಯಸ್ಸಿನಲ್ಲಿಯೇ ಬರುತ್ತಿದ್ದ ಜಠರದ ಕ್ಯಾನ್ಸರಿಗೆ ಇದೇ ಜೀನಿನ ದೋಷ ಕಾರಣವೆಂದು ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರು ತೋರಿಸಿದರು. ಇಂಥ ದೋಷವನ್ನು ಹುಟ್ಟಿನಿಂದ ಪಡೆದ ಸ್ತ್ರೀಯರಿಗೆ ಲೋಬ್ಯುಲರ್ ಸ್ತನ ಕ್ಯಾನ್ಸರಿನ ಅಪಾಯವೂ ಗಣನೀಯವಾಗಿ ಹೆಚ್ಚು ಎಂಬುದು ಮುಂದೆ ಖಚಿತವಾಯಿತು.

ಜೀನು ಕೆಡದೆಯೇ ಅಂಟು ಮಾಯವಾಗುವ ಬಗೆಯೂ ಉಂಟು. ೨೦೦೦ದಲ್ಲಿ ಸ್ಪೇನಿನ ಎರಡು ತಂಡಗಳು ಸ್ನೇಲ್ ಎಂಬ ಪ್ರೋಟೀನು ಇ-ಕ್ಯಾಡ್‌ಹೆರಿನ್ ಜೀನಿನ ಬಾಯಿ ಕಟ್ಟುವುದನ್ನು ಕಂಡುಹಿಡಿದವು. ಹಣ್ಣುನೊಣದಲ್ಲಿ ಮೊದಲು ಗುರುತಿಸಲಾದ ಈ ಸ್ನೇಲ್ ಭ್ರೂಣಾವಸ್ಥೆಯ ಆಳು. ಬೆಳೆಯುವ ಭ್ರೂಣದಲ್ಲಿ ಕೆಲವು ಕೋಶಗಳು ತಮ್ಮ ಪದರವನ್ನು ಬಿಟ್ಟು ದೂರದ ತಾವುಗಳಿಗೆ ನಡೆದುಹೋಗಬೇಕಾಗುತ್ತದೆ. ಅವುಗಳ ಹಿಡಿತವನ್ನು ಸಡಿಲಿಸುವುದು ಅದರ ಕರ್ತವ್ಯ. ಕ್ಯಾನ್ಸರ್ ಕೋಶ ಮರೆತುಹೋದ ಈ ಹಳೆಯ ಪಾಠವನ್ನು ಮತ್ತೆ ಓದುತ್ತದೆ. ಆಗ ಇ-ಕ್ಯಾಡ್‌ಹೆರಿನ್ ಹೋಗುವುದಲ್ಲದೆ, ಅನೇಕ ವೇಳೆ ಅದರ ಜಾಗಕ್ಕೆ ಎನ್-ಕ್ಯಾಡ್‌ಹೆರಿನ್ ಬರುತ್ತದೆ. ಕನ್ನಡ ವ್ಯಾಕರಣವನ್ನು ಓದಿದವರಿಗೆ ಇದು ಅಪರಿಚಿತವೆನಿಸಲಾರದು. ಊರು, ಅಲ್ಲಿ ಎಂಬ ಪದಗಳು ಕೂಡಿ ಊರಲ್ಲಿ ಎಂದಾಗುವಾಗ ಸ್ವರವೊಂದು ಲೋಪವಾಗುತ್ತದೆ. ಮಳೆ, ಕಾಲ ಕೂಡಿ ಮಳೆಗಾಲವಾಗುವಾಗ ಒಂದಕ್ಷರದ ಬದಲು ಮತ್ತೊಂದು ಆದೇಶವಾಗಿ ಬರುತ್ತದೆ. ಲೋಬ್ಯುಲರ್ ಕ್ಯಾನ್ಸರಿನದು ಲೋಪ, ಇಲ್ಲಿಯದು ಆದೇಶ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ವ್ಯಾಕರಣದ ಸಂಧಿಯಲ್ಲಿ ಪದಗಳು ಕೂಡುತ್ತವೆ, ಇಲ್ಲಿ ಕೋಶಗಳು ಅಗಲುತ್ತವೆ.

ಇಷ್ಟು ದೂರ ಬರುವ ಹೊತ್ತಿಗೆ ಉತ್ತರ ಸಿದ್ಧವಾದಂತೆ ಕಂಡಿತು. ಕೋಶಸಂಧಿ ಕಾವಲುಗಾರ, ಕಾವಲುಗಾರನನ್ನು ಕೊಂದ ಕೋಶ ಓಡಿಹೋಗುತ್ತದೆ. ಪಠ್ಯಪುಸ್ತಕಗಳಲ್ಲಿ ಇದು ನೆಲೆಗೊಂಡಿತು. ಆದರೆ ರೋಗನಿದಾನಶಾಸ್ತ್ರಜ್ಞರು ಮೇಜಿನ ಮೇಲಿನ ಗಾಜಿನ ಪಟ್ಟಿಗಳಲ್ಲಿ ಬೇರೆಯದನ್ನೇ ಕಾಣುತ್ತಿದ್ದರು. ಸ್ತನ ಕ್ಯಾನ್ಸರುಗಳಲ್ಲಿ ಅತ್ಯಧಿಕ ಪಾಲು, ರೂಢಿಯಲ್ಲಿ ಹಾಲುನಾಳದ ಕ್ಯಾನ್ಸರ್ ಎಂದು ಕರೆಯಲಾಗುವ ಜಾತಿ, ಇ-ಕ್ಯಾಡ್‌ಹೆರಿನ್ನನ್ನು ಸಾಮಾನ್ಯವಾಗಿ ಕಳೆದುಕೊಳ್ಳುವುದಿಲ್ಲ. ಮೂಲ ಗಂಟಿನಲ್ಲಿ ಮಾತ್ರವಲ್ಲ, ಶ್ವಾಸಕೋಶಕ್ಕೋ ಯಕೃತ್ತಿಗೋ ಹೋಗಿ ಬೆಳೆದ ಮರಿಗಂಟಿನಲ್ಲಿಯೂ ಕೋಶದಂಚಿನ ಸುತ್ತ ಅದು ಸ್ಪಷ್ಟವಾಗಿ ಕಾಣಿಸುತ್ತದೆ. ಕಾವಲುಗಾರ ಸ್ವಸ್ಥಾನದಲ್ಲಿಯೇ ಇದ್ದಾನೆ. ಕೈದಿಗಳು ಮಾತ್ರ ದೂರದ ಊರಿನಲ್ಲಿದ್ದಾರೆ. ಅಲ್ಲಿಗೆ ತಲುಪಿದ ಬಳಿಕ ಅಂಟು ಮತ್ತೆ ಮೂಡಿರಬಹುದೆಂದು ಕೆಲವರು ಸಮಾಧಾನ ಹೇಳಿದರು. ಅಂಥದು ನಡೆಯುವುದೂ ಉಂಟು. ಆದರೆ ಅದೊಂದೇ ವಿವರಣೆ ಸಾಲದಾಯಿತು.

ಬಿಡಿಸಲಾಗದ ಈ ಗಂಟಿನ ಒಂದು ಎಳೆಯನ್ನು ಬಿಡಿಸಿದ್ದು ೨೦೧೪ರಲ್ಲಿ, ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಸಂಶೋಧನೆ. ನಿಕೋಲಾ ಅಸೇಟೋ, ಶ್ಯಾಮಲಾ ಮಹೇಶ್ವರನ್, ಡೇನಿಯಲ್ ಹೇಬರ್ ಮೊದಲಾದವರು ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಸೋಸಿ ಹಿಡಿದರು. ಅವುಗಳಲ್ಲಿ ಬಹುಪಾಲು ಒಂಟಿ ಕೋಶಗಳು; ಎಲ್ಲೋ ಅಲ್ಲೊಂದು ಇಲ್ಲೊಂದು, ಕೆಲವು ಕೋಶಗಳು ಕೂಡಿದ ಗೊಂಚಲು. ಗೊಂಚಲುಗಳು ದಾರಿಯಲ್ಲಿ ಒಂದಕ್ಕೊಂದು ತಾಗಿ ಆದವೋ, ಅಥವಾ ಗಂಟಿನಿಂದಲೇ ಹಾಗೆ ಕಿತ್ತು ಬಂದವೋ? ಇದನ್ನು ತಿಳಿಯಲು ಅವರು ಹೂಡಿದ ಉಪಾಯ ಶಾಲಾ ಬಾಲಕನಿಗೂ ಅರ್ಥವಾಗುವಂಥದು. ಕೆಂಪಾಗಿ ಹೊಳೆಯುವ ಮತ್ತು ಹಸಿರಾಗಿ ಹೊಳೆಯುವ ಎರಡು ಬಗೆಯ ಕ್ಯಾನ್ಸರ್ ಕೋಶಗಳನ್ನು ಬೆರೆಸಿ ಇಲಿಯ ಒಂದೇ ತಾವಿನಲ್ಲಿ ಗಂಟು ಬೆಳೆಸಿದಾಗ, ಶ್ವಾಸಕೋಶದಲ್ಲಿ ಎರಡು ಬಣ್ಣ ಕೂಡಿದ ಮರಿಗಂಟುಗಳು ಮೂಡಿದವು. ಕೆಂಪನ್ನು ಒಂದು ಬದಿಯಲ್ಲಿ, ಹಸಿರನ್ನು ಇನ್ನೊಂದು ಬದಿಯಲ್ಲಿ ಬೇರೆಬೇರೆಯಾಗಿ ಬೆಳೆಸಿದಾಗ ಮರಿಗಂಟುಗಳು ಬಹುಮಟ್ಟಿಗೆ ಒಂದೇ ಬಣ್ಣದವಾಗಿದ್ದವು. ಎಂದರೆ ಗೊಂಚಲು ರಕ್ತದಲ್ಲಿ ಕೂಡಿದ್ದಲ್ಲ. ಹೊರಡುವಾಗಲೇ ಕೈ ಕೈ ಹಿಡಿದು ಹೊರಟದ್ದು.

ಅಷ್ಟೇ ಅಲ್ಲ. ಒಂಟಿ ಕೋಶಕ್ಕಿಂತ ಗೊಂಚಲಿಗೆ ಹೊಸ ತಾವಿನಲ್ಲಿ ಬೇರೂರುವ ಶಕ್ತಿ ೨೩ರಿಂದ ೫೦ ಪಟ್ಟು ಅಧಿಕವೆಂದು ಇಲಿಗಳಲ್ಲಿ ಕಂಡುಬಂದಿತು. ಗೊಂಚಲಿನ ಕೋಶಗಳಲ್ಲಿ ವಿಶೇಷವಾಗಿ ಹೆಚ್ಚಿದ್ದ ಪ್ರೋಟೀನು ಪ್ಲಾಕೋಗ್ಲೋಬಿನ್, ಡೆಸ್ಮೋಸೋಮಿನ ಅದೇ ಗುಂಡಿ. ಅದನ್ನು ತಗ್ಗಿಸಿದಾಗ ಗೊಂಚಲುಗಳು ಒಡೆದವು. ಶ್ವಾಸಕೋಶದ ಮರಿಗಂಟುಗಳೂ ಕಡಿಮೆಯಾದವು. ರೋಗವನ್ನು ತಡೆಯುವುದೆಂದು ನಂಬಲಾದ ಬೆಸುಗೆಯೇ ರೋಗಕ್ಕೆ ವಾಹನವಾಗಿ ನಿಂತಿತು.

೨೦೧೯ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಆಂಡ್ರ್ಯೂ ಇವಾಲ್ಡ್ ಅವರ ಪ್ರಯೋಗಾಲಯ ನೇರವಾಗಿ ಇ-ಕ್ಯಾಡ್‌ಹೆರಿನ್ನಿನ ಮೇಲೆಯೇ ಪರೀಕ್ಷೆ ನಡೆಸಿತು. ಹಾಲುನಾಳದ ಕ್ಯಾನ್ಸರನ್ನು ಹೋಲುವ ಮಾದರಿಗಳಲ್ಲಿ ಆ ಜೀನನ್ನು ಅಳಿಸಿಹಾಕಿದಾಗ ಎರಡು ವಿರುದ್ಧ ಫಲಗಳು ಒಟ್ಟಿಗೆ ದೊರೆತವು. ಹಳೆಯ ಮತ ಹೇಳಿದಂತೆಯೇ ಕೋಶಗಳು ಸುತ್ತಲಿನ ಅಂಗಾಂಶದೊಳಕ್ಕೆ ಹೆಚ್ಚು ಹೆಚ್ಚಾಗಿ ನುಗ್ಗಿದವು. ಆದರೆ ನುಗ್ಗಿದ ಕೋಶಗಳು ಬದುಕಲಿಲ್ಲ. ಆಕ್ಸಿಜನ್ನಿನಿಂದ ಹುಟ್ಟುವ ಉಗ್ರ ಅಣುಗಳ ಹಾವಳಿಗೆ ಸಿಕ್ಕಿ ಅವು ತಾವಾಗಿಯೇ ಸಾಯತೊಡಗಿದವು. ರಕ್ತದಲ್ಲಿ ಅವುಗಳ ಸಂಖ್ಯೆ ಕುಸಿಯಿತು. ದೂರದ ಅಂಗಗಳಲ್ಲಿ ಗಂಟು ಕಟ್ಟುವುದು ಬಹಳ ಮಟ್ಟಿಗೆ ನಿಂತಿತು. ನೆರೆಯ ಕೋಶದ ಸ್ಪರ್ಶದಿಂದ ದೊರೆಯುವ ಬದುಕಿನ ಸೂಚನೆ ಕಡಿದುಹೋದುದೇ ಇದಕ್ಕೆ ಕಾರಣ. ಅಂದಮೇಲೆ ನುಗ್ಗುವುದು ಬೇರೆ, ನೆಲೆಸುವುದು ಬೇರೆ. ಕೋಮನ್ನನ ಸೂಜಿ ಅಳೆದದ್ದು ಮೊದಲನೆಯದನ್ನು ಮಾತ್ರ. ಇದರಲ್ಲಿ ಆತನ ತಪ್ಪೇನೂ ಇಲ್ಲ. ಆತನ ಅಳತೆಯಿಂದ ಇಡೀ ಪಯಣವನ್ನು ಊಹಿಸಿಕೊಂಡವರು ಅವಸರಪಟ್ಟರು ಅಷ್ಟೆ.

ಉಳಿದ ಸಂಧಿಗಳ ವಿಷಯವೂ ಇಂಥದೇ ಇಬ್ಬಂದಿಯದು. ೧೯೯೮ರಲ್ಲಿ ಕ್ಯೋಟೋದಲ್ಲಿಯೇ ಶೋಯಿಚಿರೋ ತ್ಸುಕಿತಾ ಅವರ ತಂಡ ಪತ್ತೆಹಚ್ಚಿದ ಕ್ಲಾಡಿನ್ನುಗಳು ಕೆಲವು ಉಗ್ರ ಸ್ತನ ಕ್ಯಾನ್ಸರುಗಳಲ್ಲಿ ಬಹಳ ಕಡಿಮೆಯಾಗಿರುತ್ತವೆ. ಕನೆಕ್ಸಿನ್ ಕೊಳವೆಗಳು ಕ್ಯಾನ್ಸರಿನಲ್ಲಿ ಮುಚ್ಚಿಹೋಗುತ್ತವೆಂಬ ಮಾತು ೧೯೬೦ರ ದಶಕದಿಂದ ಪ್ರಚಲಿತವಿತ್ತು. ಆದರೆ ನ್ಯೂಯಾರ್ಕಿನ ಜೋನ್ ಮಸಾಗೆ ಅವರ ತಂಡ ೨೦೧೬ರಲ್ಲಿ ತೋರಿಸಿದಂತೆ, ಮಿದುಳಿಗೆ ತಲುಪಿದ ಸ್ತನ ಕ್ಯಾನ್ಸರ್ ಕೋಶಗಳು ಅಲ್ಲಿಯ ಪೋಷಕ ಕೋಶಗಳೊಂದಿಗೆ ಹೊಸದಾಗಿ ಕನೆಕ್ಸಿನ್ ಕೊಳವೆಗಳನ್ನು ಹೂಡಿ, ಅವುಗಳ ನೆರವಿನಿಂದ ಬೆಳೆಯುತ್ತವೆ. ಕೀಮೋಥೆರಪಿಯ ಔಷಧಗಳನ್ನೂ ತಾಳಿಕೊಳ್ಳುತ್ತವೆ. ಹುಟ್ಟೂರಿನ ನಂಟನ್ನು ಕಡಿದುಕೊಂಡ ಕೋಶ ಪರವೂರಿನಲ್ಲಿ ನಂಟು ಬೆಳೆಸುವುದೆಂದರೆ ಇದೇ.

ಚಿಕಿತ್ಸೆಯ ದೃಷ್ಟಿಯಿಂದ ಈ ತಿಳಿವಳಿಕೆಗೆ ಬಹಳ ಬೆಲೆಯುಂಟು. ಹಳೆಯ ಮತವೊಂದೇ ನಿಜವಾಗಿದ್ದರೆ ಅಂಟನ್ನು ಮರಳಿ ಕೊಡುವ ಔಷಧವನ್ನು ಹುಡುಕಬೇಕಾಗಿತ್ತು. ಗೊಂಚಲುಗಳೇ ಅಪಾಯಕಾರಿಯಾದರೆ ಹುಡುಕಬೇಕಾದದ್ದು ಅವುಗಳನ್ನು ಒಡೆಯುವ ಔಷಧ. ಅಸೇಟೋ ಅವರು ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಇದೇ ಹಾದಿಯನ್ನು ಹಿಡಿದರು. ಅನುಮತಿ ಪಡೆದು ಬಳಕೆಯಲ್ಲಿದ್ದ ಸುಮಾರು ೨,೫೦೦ ಔಷಧಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಗೊಂಚಲುಗಳನ್ನು ಬಿಡಿಸಿದವುಗಳಲ್ಲಿ ಡಿಜಿಟಾಕ್ಸಿನ್, ಔಬೇನ್ ಮೊದಲಾದ, ಕೋಶದ ಸೋಡಿಯಂ-ಪೊಟಾಸಿಯಂ ಪಂಪನ್ನು ತಡೆಯುವ ಔಷಧಗಳಿದ್ದವೆಂದು ೨೦೧೯ರಲ್ಲಿ ವರದಿಯಾಯಿತು. ಡಿಜಿಟಾಲಿಸ್ ಗಿಡದಿಂದ ಬಂದ ಈ ವರ್ಗದ ಔಷಧ ಹೃದ್ರೋಗಕ್ಕೆ ಉಪಯುಕ್ತವೆಂದು ಇಂಗ್ಲೆಂಡಿನ ವಿಲಿಯಂ ವಿದರಿಂಗ್ ೧೭೮೫ರಷ್ಟು ಹಿಂದೆಯೇ ಬರೆದಿದ್ದನು. ಪಂಪು ನಿಂತಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸಂಧಿಗಳು ಸಡಿಲಗೊಳ್ಳುತ್ತವೆ. ತಾಕೆಯಿಚಿಯವರ ಕ್ಯಾಲ್ಸಿಯಂ ಹೊರಗೆ ನಿಂತು ಬಿಗಿಯುತ್ತಿತ್ತು. ಇಲ್ಲಿ ಅದೇ ಒಳಗೆ ಸೇರಿ ಬಿಡಿಸುತ್ತದೆ.

ರೋಗ ಈಗಾಗಲೇ ಹರಡಿದ್ದ ಕೆಲವೇ ಸ್ತ್ರೀಯರಿಗೆ ಡಿಜಾಕ್ಸಿನ್ ಕೊಟ್ಟು ನೋಡಿದ ಚಿಕ್ಕ ಪ್ರಯೋಗವೊಂದರ ಫಲ ೨೦೨೫ರಲ್ಲಿ ಪ್ರಕಟವಾಯಿತು. ರಕ್ತದಲ್ಲಿನ ಗೊಂಚಲುಗಳ ಗಾತ್ರ ಸರಾಸರಿಯಲ್ಲಿ ತುಸು ಕುಗ್ಗಿತು. ಗೊಂಚಲು ಚಿಕ್ಕದಾದರೆ ಆಯುಸ್ಸು ಹೆಚ್ಚುವುದೇ ಎಂಬುದನ್ನು ತೀರ್ಮಾನಿಸಲು ಆ ಪ್ರಯೋಗವನ್ನು ಹೂಡಿರಲಿಲ್ಲ. ಡಿಜಾಕ್ಸಿನ್ ಪ್ರಮಾಣ ಸ್ವಲ್ಪ ಮೀರಿದರೂ ಹೃದಯದ ಲಯವನ್ನು ಕೆಡಿಸುವ ಔಷಧ. ಆದುದರಿಂದ ಪತ್ರಿಕಾ ವಾರ್ತೆಯನ್ನು ನೋಡಿ ಯಾರೂ ಅದನ್ನು ತಾವಾಗಿ ಸೇವಿಸಲಾಗದು.

ಲೋಬ್ಯುಲರ್ ಕ್ಯಾನ್ಸರಿನ ಪ್ರಶ್ನೆ ಮಾತ್ರ ಬೇರೆಯಾಗಿಯೇ ಉಳಿಯುತ್ತದೆ. ಅಲ್ಲಿ ಕೋಶಗಳು ಇ-ಕ್ಯಾಡ್‌ಹೆರಿನ್ ಇಲ್ಲದೆಯೂ ಬದುಕುವುದನ್ನು ಕಲಿತಿವೆ; ಇಲಿಯ ಮಾದರಿಯಲ್ಲಿ ಸತ್ತ ಕೋಶಗಳಂತೆ ಅವು ಸಾಯುವುದಿಲ್ಲ. ಅವು ಹೋಗುವ ಊರುಗಳೂ ಬೇರೆ: ಮೂಳೆಯಲ್ಲದೆ ಜಠರ, ಕರುಳು, ಅಂಡಾಶಯ, ಹೊಟ್ಟೆಯ ಒಳಪೊರೆ. ಹೋಗುವ ಕಾಲವೂ ಬೇರೆ; ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷಗಳ ಮೇಲೆ ರೋಗ ಮರುಕಳಿಸುವುದು ಇದರಲ್ಲಿ ಅಪೂರ್ವವಲ್ಲ. ಆದಕಾರಣವೇ ರೋಗನಿದಾನ ಪ್ರಯೋಗಾಲಯದಲ್ಲಿ ಇ-ಕ್ಯಾಡ್‌ಹೆರಿನ್ ಬಣ್ಣದ ಪರೀಕ್ಷೆಗೆ ಮಹತ್ವ ಬಂದಿದೆ. ಹಾಲುನಾಳದ ಕ್ಯಾನ್ಸರಿನಲ್ಲಿ ಪ್ರತಿ ಕೋಶದ ಅಂಚಿಗೂ ಕಂದು ಬಣ್ಣದ ಗೆರೆ ಎಳೆದಂತೆ ಕಾಣುತ್ತದೆ. ಲೋಬ್ಯುಲರ್‌ನಲ್ಲಿ ಸಾಮಾನ್ಯವಾಗಿ ಆ ಗೆರೆಯಿಲ್ಲ. ವರ್ಷಗಳ ಹಿಂದೆ ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಣಮುಖಳಾದೆನೆಂದುಕೊಂಡಿದ್ದ ಸ್ತ್ರೀ ಅಜೀರ್ಣವೆಂದೋ ಹೊಟ್ಟೆಯುಬ್ಬರವೆಂದೋ ವೈದ್ಯರ ಬಳಿ ಬಂದಾಗ, ಜಠರದಿಂದ ತೆಗೆದ ಚೂರಿನಲ್ಲಿ ಕಂದು ಗೆರೆಯಿಲ್ಲದ ಬಿಡಿ ಕೋಶಗಳು ಕಾಣಬಹುದು. ಜಠರದಲ್ಲಿಯೇ ಹುಟ್ಟುವ ಒಂದು ಬಗೆಯ ಕ್ಯಾನ್ಸರೂ ಹೀಗೆಯೇ ಇ-ಕ್ಯಾಡ್‌ಹೆರಿನ್ ಕಳೆದುಕೊಂಡು ಬಿಡಿಬಿಡಿಯಾಗಿರುತ್ತದೆ. ನೋಟಕ್ಕೆ ಎರಡೂ ಒಂದೇ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಲೋಬ್ಯುಲರ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಹಾರ್ಮೋನನ್ನು ತಡೆಯುವ ಮಾತ್ರೆಗಳಿಗೆ ಮಣಿಯುವಂಥವು. ಜಠರದ ಕ್ಯಾನ್ಸರ್ ಹಾಗಲ್ಲ. ಆಗ ವೈದ್ಯರು ಮೊದಲು ಕೇಳಬೇಕಾದದ್ದು ಆಕೆಯ ಹಳೆಯ ಶಸ್ತ್ರಚಿಕಿತ್ಸೆಯ ವಿಷಯವನ್ನು. ತರಿಸಿ ನೋಡಬೇಕಾದದ್ದು ಅಂದಿನ ಗಾಜಿನ ಪಟ್ಟಿಯನ್ನು.